ಮುಳ್ಳು ಹೇಳಿದ ಸುಳ್ಳು

"ದಿನಾ ಹೇಗೆ ಹತ್ತುತ್ತೀಯೋ ಹಾಗೇ ಹತ್ತಮ್ಮ. ನಾನಿಲ್ಲಿ ಇಲ್ಲವೇ ಇಲ್ಲ ಅಂದ್ಕೋ," ಎಂದರು ಇನ್ಸ್‌ಪೆಕ್ಟರಮ್ಮ.

ಇಲ್ಲ ಅಂದುಕೊಳ್ಳುವುದು ಅಷ್ಟು ಸುಲಭವೂ ಅಲ್ಲ. ಇನ್ಸ್‌ಪೆಕ್ಟರಮ್ಮ ಬಾಗಿಲಲ್ಲಿ ನಿಂತರೆ ಕೋಣೆಯ ಬೆಳಕು ಅರ್ಧವಾಗುತ್ತಿತ್ತು. ಎಡ ಮೊಣಕಾಲಿಗೆ ಪಟ್ಟಿ, ಮೂಗಿನ ತುದಿಗೆ ಜಾರಿದ ದಪ್ಪ ಕನ್ನಡಕ. ಠಾಣೆಯವರು ಬೆನ್ನ ಹಿಂದೆ ಅವರನ್ನು ಭೂತಗನ್ನಡಿ ಎನ್ನುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು, ಬಿದ್ದಾಗಿನಿಂದ ಒಳಗೊಳಗೇ ಖುಷಿಯಾಗಿದ್ದರು.

ಮಿಡತೆ ಸೈಕಲ್ಲಿನ ಹತ್ತಿರ ಹೋದಳು. ಹುಡುಗಿಗೆ ಬೀದಿಯವರು ಇಟ್ಟ ಹೆಸರದು. ಇಪ್ಪತ್ತು ದಾಟಿದ್ದಳು, ಮೈಯಲ್ಲಿ ಮೂಳೆ ಮತ್ತು ಹಟ ಬಿಟ್ಟರೆ ಮತ್ತೇನೂ ಇದ್ದಂತೆ ಕಾಣುತ್ತಿರಲಿಲ್ಲ. ಸೀಟನ್ನು ಎರಡು ಸಲ ತಟ್ಟಿದಳು. ಬಗ್ಗಿ ಶೂ ಲೇಸ್ ಬಿಗಿದಳು. ಎದ್ದವಳು ಡಯಲ್ಲಿನ ಹಿಂದೆ ಹೆಬ್ಬೆರಳಾಡಿಸಿ, ಜಡೆಯನ್ನು ಬೆನ್ನಿನ ಕಡೆ ಅಂಗಿಯೊಳಗೆ ತುರುಕಿ, ಹತ್ತಿ ಕುಳಿತಳು. ಬಾಗಿಲಿಗೆ ಬೀಗ ಹಾಕಿ ಒಮ್ಮೆ ಎಳೆದು ನೋಡುತ್ತಾರಲ್ಲ, ಅಷ್ಟೇ ಸಹಜವಾಗಿ ಇದೆಲ್ಲ ನಡೆದುಹೋಯಿತು.

ಆಮೇಲೆ ತುಳಿಯತೊಡಗಿದಳು.

ಅದು ಎಲ್ಲಿಗೂ ಹೋಗದ ಸೈಕಲ್. ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ ಕಬ್ಬಿಣದ ಚೌಕಟ್ಟು, ಮುಂದೆ ಒಂದು ಭಾರದ ಚಕ್ರ, ಹ್ಯಾಂಡಲ್ಲಿನ ಮೇಲೆ ತಟ್ಟೆಯಷ್ಟು ದೊಡ್ಡ ಡಯಲ್. ಎಷ್ಟು ಜೋರಾಗಿ ತುಳಿದರೆ ಮುಳ್ಳು ಅಷ್ಟು ಮೇಲೆ ಏರುತ್ತದೆ. ಡಯಲ್ಲಿನ ಮೇಲೆ ಬಣ್ಣದಲ್ಲಿ ಎರಡು ಗೆರೆ ಎಳೆದಿದ್ದರು. ಕೆಳಗಿನ ಹಸಿರು ಗೆರೆ ದಿನಾ ಬೆಳಿಗ್ಗೆ ಬರುತ್ತಿದ್ದ ಲೆಕ್ಕದ ಮೇಷ್ಟ್ರದು, ಮೇಲಿನ ಕೆಂಪು ಗೆರೆ ಮಿಡತೆಯದು.

ಆ ಮೇಷ್ಟ್ರೇ ಕಳೆದ ವಾರ ಇದೇ ಸೀಟಿನಿಂದ ಎದೆ ಹಿಡಿದುಕೊಂಡು ಕೆಳಗೆ ಬಿದ್ದದ್ದು. ಆವತ್ತಿನಿಂದ ಆಸ್ಪತ್ರೆಯಲ್ಲಿ ಕಣ್ಣು ತೆರೆದಿರಲಿಲ್ಲ.

ಮುಳ್ಳು ಹಸಿರು ಗೆರೆ ದಾಟಿತು. ಮಿಡತೆಯ ಕುತ್ತಿಗೆಯ ನರ ಉಬ್ಬಿತು. ಚಕ್ರದ ಸದ್ದು ಗುಯ್‌ಗುಡುತ್ತ ಏರಿ ಕಿಟಕಿಯ ಗಾಜು ಸಣ್ಣಗೆ ನಡುಗಿತು. ಮುಳ್ಳು ಕೆಂಪು ಗೆರೆಯ ಅಂಚಿಗೆ ಬಂದು ನಿಂತಾಗ ಹುಡುಗಿಯ ಮುಖದಲ್ಲಿ ಹುಡುಗಿಯೇ ಇರಲಿಲ್ಲ. ಬರೀ ಕಾಲು, ಬರೀ ಉಸಿರು. ಇನ್ಸ್‌ಪೆಕ್ಟರಮ್ಮ ಬಾಯಿ ತೆರೆದುಕೊಂಡೇ ನಿಂತಿದ್ದರು. ಠಾಣೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಡುವ ಅವರಿಗೆ, ಮನುಷ್ಯರ ಮೈಯಲ್ಲಿ ಇಷ್ಟೊಂದು ಇರುತ್ತದೆ ಎಂಬುದೇ ದೊಡ್ಡ ಸುದ್ದಿಯಾಗಿತ್ತು.

"ಸಾಕಾ ಮೇಡಂ?" ಎಂದರು ಪಕ್ಕದಲ್ಲಿದ್ದ ಕೋಚ್.

ಕೋಚ್ ಎಂದರೆ ಮಿಡತೆಯ ಸೋದರಮಾವ. ಹಿಂದೆ ಗಿರಣಿಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಅಕ್ಕ ತೀರಿಕೊಂಡ ಮೇಲೆ ಅವಳ ಮಗಳನ್ನು ಎತ್ತಿ ಸಾಕಿದವರು, ಹಳೇ ಗೋದಾಮನ್ನು ವ್ಯಾಯಾಮದ ಹಾಲ್ ಮಾಡಿದವರು, ಬಂದವರಿಗೆಲ್ಲ ಮಾವ ಆದವರು.

"ನಿಲ್ಲಿಸೋದು ಬೇಡ. ನಿಧಾನಕ್ಕೆ ತುಳೀತಾ ಇರ್ಲಿ," ಎಂದರು ಇನ್ಸ್‌ಪೆಕ್ಟರಮ್ಮ. "ಮಾವನೋರೆ, ಲ್ಯಾಬಿನಿಂದ ಫೋನ್ ಬಂತು. ಇವಳ ಬಾಟಲಿಯಲ್ಲಿ ಇದ್ದದ್ದು ಸಕ್ಕರೆ ನೀರು. ಬೇರೇನೂ ಇಲ್ವಂತೆ."

ಮಾವ ಕಣ್ಣು ಮುಚ್ಚಿ ಉಸಿರು ಬಿಟ್ಟರು. ಬಿಡದೆ ಏನು ಮಾಡಿಯಾರು? ಮೂರ್ನಾಲ್ಕು ತಿಂಗಳ ಹಿಂದೆ ಸೈಕಲ್ ರೇಸಿನಲ್ಲಿ ಹಿಂದುಗಡೆ ಬರುತ್ತಿದ್ದ ಹುಡುಗಿ ಈಗ ಎಲ್ಲರನ್ನೂ ಬಿಟ್ಟು ಮುಂದೆ ಹೋಗುತ್ತಿದ್ದಳು. ಮದ್ದು ಹಾಕಿಕೊಳ್ಳುತ್ತಾಳೆ ಎಂದು ಯಾರೋ ಪುಣ್ಯಾತ್ಮರು ಆಯ್ಕೆ ಸಮಿತಿಗೆ ಚುಚ್ಚಿದ್ದರು. ಮೇಷ್ಟ್ರು ಬಿದ್ದ ಮೇಲಂತೂ ಕಥೆಗೆ ರೆಕ್ಕೆ ಬಂತು: ಮೇಷ್ಟ್ರು ಅವಳ ಬಾಟಲಿಯಿಂದ ಕುಡಿದರಂತೆ, ಮದ್ದು ಎದೆಗೆ ಏರಿತಂತೆ. ಇವತ್ತು ಮಧ್ಯಾಹ್ನ ಸಮಿತಿ ಕೂರುವುದಿತ್ತು. ವೇಗ ಎಲ್ಲಿಂದ ಬಂತು ಎಂದು ಅವರು ಒಪ್ಪುವಂತೆ ಅವಳು ಹೇಳಬೇಕು, ಇಲ್ಲವಾದರೆ ತಂಡದಿಂದ ಹೆಸರು ಹೊಡೆಯುತ್ತಾರೆ.

"ಹಾಗಾದ್ರೆ ಇವಳು ಬಚಾವ್ ಅಲ್ವಾ?"

"ಮದ್ದಿಲ್ಲ ಅಂದ್ರೆ ಸಾಲದಂತೆ. ಮತ್ತೇನಿದೆ ಅಂತ ಕೇಳ್ತಾರೆ. ನಾನೂ ಅದನ್ನೇ ಕೇಳ್ತಿದ್ದೀನಿ. ಸಕ್ಕರೆ ನೀರು ಕುಡಿದ್ರೆ ಹೀಗೆ ಹಾರೋಕಾಗತ್ತಾ?"

"ಕುಡಿಯೋದಿಲ್ಲ ಮೇಡಂ. ಬಾಯಿ ಮುಕ್ಕಳಿಸಿ ಉಗೀತಾಳೆ."

"ಉಗಿಯೋದಕ್ಕೆ ಸಕ್ಕರೆ ಯಾಕ್ರೀ ದಂಡ?"

"ನಾಲಿಗೆಗೆ ಸಿಹಿ ತಾಗಿದ್ರೆ ಸಾಕು. ಊಟ ಬಂತು ಕಣೋ ಅಂತ ತಲೆ ಕಾಲಿಗೆ ಹೇಳತ್ತೆ. ಕಾಲು ನಂಬ್ಕೊಂಡು ಇನ್ನೊಂದಿಷ್ಟು ತುಳಿಯತ್ತೆ."

ಇನ್ಸ್‌ಪೆಕ್ಟರಮ್ಮ ತಮ್ಮ ಕಾಲನ್ನೇ ಒಮ್ಮೆ ನೋಡಿಕೊಂಡರು. ಇಷ್ಟು ವರ್ಷ ತಮ್ಮನ್ನು ಹೊತ್ತು ತಿರುಗಿದ ಆ ಕಾಲು ಇಂಥ ಮುಗ್ಧ ಎಂದು ಅವರಿಗೆ ಗೊತ್ತಿರಲಿಲ್ಲ.

ವಾರವಿಡೀ ಅವರು ಹಿಡಿದು ವಿಚಾರಿಸಿದ ಆರೋಪಿಗಳೆಲ್ಲ ಇಂಥವೇ. ಕಳ್ಳರಿಗಿಂತ ವಿಚಿತ್ರವಾದವು. ರಾತ್ರಿಯ ನಿದ್ದೆ ಕೆಟ್ಟರೆ ಮಾರನೆಯ ದಿನ ಅದೇ ಭಾರ ದುಪ್ಪಟ್ಟಾಗುತ್ತದಂತೆ. ಮೇಷ್ಟ್ರು ಗಡದ್ದಾಗಿ ನಿದ್ದೆ ಮಾಡಿದ್ದರು. ಸೆಕೆ ಹೆಚ್ಚಿದರೆ ರಕ್ತ ಅರ್ಧ ಚರ್ಮದ ಕಡೆ ಓಡಿ ಎದೆ ಎರಡಾಳಿನ ಕೆಲಸ ಮಾಡಬೇಕಂತೆ. ಆ ಬೆಳಿಗ್ಗೆ ತಂಪಿತ್ತು, ಫ್ಯಾನೂ ತಿರುಗುತ್ತಿತ್ತು. ಕಿವಿಗೆ ಬೀಳುವ ಹಾಡು ಚುರುಕಾದರೆ ಕಾಲು ಕೇಳದೆಯೇ ತಾಳ ಹಿಡಿಯುತ್ತದಂತೆ. ಮೇಷ್ಟ್ರಿಗೆ ಹಾಡು ಕಂಡರಾಗದು. ಒಬ್ಬೊಬ್ಬ ಆರೋಪಿಯನ್ನು ಬಿಡುಗಡೆ ಮಾಡುವಾಗಲೂ ಇನ್ಸ್‌ಪೆಕ್ಟರಮ್ಮನಿಗೆ ಬೆರಗು ಹೆಚ್ಚುತ್ತಿತ್ತು. ಒಂದು ಮೈ ನಡೆಯಬೇಕಾದರೆ ಇಷ್ಟೊಂದು ಜನರ ಅಪ್ಪಣೆ ಬೇಕೇ ಎಂದು.

ಕೊನೆಗೆ ಸಿಕ್ಕಿದ್ದು ಒಂದು ಅಂಗಿ.

ಇನ್ಸ್‌ಪೆಕ್ಟರಮ್ಮ ಚೀಲದಿಂದ ಅದನ್ನು ತೆಗೆದು ಪಕ್ಕದ ಬೆಂಚಿನ ಮೇಲೆ ಹರವಿದರು. ನೀಲಿ ಬಣ್ಣದ ಅರ್ಧ ತೋಳಿನ ಅಂಗಿ. ಆಸ್ಪತ್ರೆಯವರು ಎದೆಯ ಮೇಲೆ ಕತ್ತರಿಸಿದ್ದರು. ಕಾಲರಿನಿಂದ ಸೊಂಟದವರೆಗೆ, ತೋಳಿನ ಅಂಚಿನವರೆಗೆ, ಬೆವರು ಒಣಗಿದ ಉಪ್ಪು ಬಿಳಿ ಬಿಳಿಯಾಗಿ ಹರಡಿತ್ತು.

"ಇದನ್ನ ಮೇಷ್ಟ್ರ ಹೆಂಡತಿ ಬೆಳಿಗ್ಗೆ ಕೊಟ್ಟರು. ಒಗೆಯೋಕೆ ಮನಸ್ಸಾಗದೆ ಹಾಗೇ ಇಟ್ಕೊಂಡಿದ್ರು ಪಾಪ. ದಿನಾ ಕಾಲರ್ ಮಾತ್ರ ಒದ್ದೆ ಆಗ್ತಿತ್ತಂತೆ, ಅವತ್ತು ಯಾಕೆ ಹೀಗೆ ಅಂತ ನನ್ನನ್ನೇ ಕೇಳಿದ್ರು."

ಆಕೆ ಇನ್ನೂ ಏನೇನೋ ಹೇಳಿದ್ದರು. ಹಿಂದಿನ ಸಂಜೆ ಮೇಷ್ಟ್ರು ಕ್ಯಾನ್ವಾಸ್ ಶೂಗೆ ಬಿಳಿ ಪಾಲಿಶ್ ಹಚ್ಚುತ್ತ ಕೂತಿದ್ದರಂತೆ. ಏನ್ರೀ ಮದುವೆಗೆ ಹೊರಟಿರಾ ಎಂದರೆ, ಸುಮ್ಮನೆ ನಕ್ಕರಂತೆ. ಅದನ್ನು ಹೇಳುವಾಗ ಆಕೆಯೂ ನಕ್ಕಿದ್ದರು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡಿದ್ದರು.

ಮಾವ ಅಂಗಿಯ ಕಡೆ ನೋಡಲಿಲ್ಲ.

"ಅವರು ಬಿದ್ದಾಗ ಮುಳ್ಳು ಎಲ್ಲಿತ್ತು?" ಇನ್ಸ್‌ಪೆಕ್ಟರಮ್ಮ ಕೇಳಿದರು.

"ಆಗಲೇ ಹೇಳಿದ್ದೀನಲ್ಲ ಮೇಡಂ. ಬೀಳೋಕೆ ಒಂದು ಗಳಿಗೆ ಮುಂಚೆ ನಾನೇ ನೋಡಿದೆ. ಹಸಿರು ಗೆರೆ ಮೇಲೇ ಇತ್ತು, ಕೂದಲೆಳೆಯಷ್ಟೂ ದಾಟಿರ್ಲಿಲ್ಲ. ಡಾಕ್ಟ್ರು ಹಾಕಿಕೊಟ್ಟ ಗೆರೆ ಅದು. ದಿನಾ ಅಷ್ಟೇ ತುಳಿಯೋರು."

"ದಿನಾ ಅಷ್ಟೇ ತುಳಿಯೋರು, ದಿನಾ ಕಾಲರ್ ಒದ್ದೆ ಆಗೋದು. ಅವತ್ತೂ ಅಷ್ಟೇ ತುಳಿದ್ರು, ಅಂಗಿ ಇಡೀ ತೊಯ್ದು ತೊಪ್ಪೆ ಆಯ್ತು." ಇನ್ಸ್‌ಪೆಕ್ಟರಮ್ಮ ಕನ್ನಡಕವನ್ನು ಮೇಲಕ್ಕೆ ತಳ್ಳಿದರು. "ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿದಾರೆ ಮಾವನೋರೆ. ಅಂಗಿಗೆ ಸುಳ್ಳು ಹೇಳೋಕೆ ಬರಲ್ಲ. ಮುಳ್ಳಿಗೆ ಬರತ್ತಾ?"

 ಮಿಡತೆ ತಲೆ ತಗ್ಗಿಸಿ ತುಳಿಯುತ್ತಲೇ ಇದ್ದಳು.

ಮಾವ ಬೆಂಚಿನ ಮೇಲೆ ಕುಸಿದು ಕುಳಿತರು. "ಬರತ್ತೆ," ಎಂದರು. "ನಾನೇ ಕಲಿಸಿದ್ದು."

ಆಮೇಲೆ ಅವರು ಹೇಳಿದ್ದನ್ನು ಇನ್ಸ್‌ಪೆಕ್ಟರಮ್ಮ ನಡುವೆ ಬಾಯಿ ಹಾಕದೆ ಕೇಳಿದರು. ಅದೇ ಒಂದು ಪವಾಡ.

"ಪುಟ್ಟಿ ಕೆಂಪು ಗೆರೆಗೆ ಬಂದು ನಿಂತುಬಿಡ್ತಿದ್ಲು ಮೇಡಂ. ವರ್ಷಗಟ್ಟಲೆ ಅಲ್ಲೇ. ಇದಕ್ಕಿಂತ ನನ್ನ ಕೈಲಾಗಲ್ಲ ಮಾವ ಅನ್ನೋಳು. ಉಸಿರು ನೋಡಿದ್ರೆ, ಕಾಲು ಮುಟ್ಟಿ ನೋಡಿದ್ರೆ, ಒಳಗೆ ಇನ್ನೂ ಇದೆ ಅಂತ ನಂಗೆ ಗೊತ್ತಾಗ್ತಿತ್ತು. ಹೊರಗೆ ಬರ್ತಿರ್ಲಿಲ್ಲ. ಆ ಗೆರೇನೇ ಬಾಗಿಲು ಹಾಕ್ಕೊಂಡು ನಿಂತಿತ್ತು. ಅದಕ್ಕೆ ಒಂದಿನ ಮುಳ್ಳನ್ನ ಚೂರು ಹಿಂದಕ್ಕೆ ಎಳೆದೆ. ಡಯಲ್ ಹಿಂದೆ ಕಡಲೇಬೇಳೆಯಷ್ಟು ಒಂದು ಸ್ಕ್ರೂ ಇದೆ. ಅದನ್ನ ತಿರುಗಿಸಿದ್ರೆ ತುಳಿದಿದ್ದಕ್ಕಿಂತ ಕಮ್ಮಿ ತೋರಿಸತ್ತೆ. ಇವತ್ತು ಯಾಕೋ ಆಗ್ತಿಲ್ಲ ಅಂದ್ಕೊಂಡು ಇವಳು ಇನ್ನೂ ಜೋರಾಗಿ ತುಳಿದ್ಲು. ಗೆರೆ ಮುಟ್ಟಿದ್ಲು. ಅಂದ್ರೆ ನಿಜವಾಗಿ ದಾಟೇ ಹೋಗಿದ್ಲು!"

"ಇವಳಿಗೆ ಗೊತ್ತಿಲ್ಲದೆ?"

"ಗೊತ್ತಾದ್ರೆ ಎಲ್ಲಿ ಆಗತ್ತೆ? ವಾರ ವಾರ ಒಂದೊಂದು ಚೂರು ಹಿಂದಕ್ಕೆಳೆದೆ. ಇವಳು ಪಾಪ, ಅದೇ ಹಳೇ ಗೆರೆ ಮುಟ್ಟೋಕೆ ಒದ್ದಾಡ್ತಿದೀನಿ ಅಂದ್ಕೊಂಡೇ ಹೊಸ ಹೊಸ ಬೆಟ್ಟ ಹತ್ತಿಬಿಟ್ಲು."

"ಈಗ ಸರಿ ಮಾಡಿ," ಎಂದರು ಇನ್ಸ್‌ಪೆಕ್ಟರಮ್ಮ. "ನನ್ನ ಕಣ್ಣೆದುರು. ನೀನು ಮೊದಲಿನ ಹಾಗೇ ಜೋರಾಗಿ ತುಳಿಯಮ್ಮ."

ಮಿಡತೆ ಮತ್ತೆ ಕೆಂಪು ಗೆರೆಗೆ ಬಂದಳು. ಮಾವ ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು ಡಯಲ್ಲಿನ ಹಿಂದೆ ಕೈ ಹಾಕಿದರು. ಅದೇ ಕಾಲು, ಅದೇ ಉಸಿರು, ಅದೇ ಗುಯ್‌ಗುಡುವ ಚಕ್ರ. ಮುಳ್ಳೊಂದೇ ನಿಧಾನವಾಗಿ ಮೇಲೇರಿತು. ಕೆಂಪು ಗೆರೆ ಬಿಟ್ಟು ಮೇಲೆ ಹೋಯಿತು, ಯಾವ ಗೆರೆಯೂ ಇಲ್ಲದ ಬಿಳಿ ಜಾಗಕ್ಕೆ ಬಂದು ಅಲ್ಲಿಯೇ ಅಲುಗುತ್ತ ನಿಂತಿತು.

ಇನ್ಸ್‌ಪೆಕ್ಟರಮ್ಮನಿಗೆ ಮೈ ಜುಮ್ಮೆಂದಿತು. ನೌಕರಿಯುದ್ದಕ್ಕೂ ಎಷ್ಟೋ ಬೀಗ ಒಡೆಸಿದ್ದರು, ಎಷ್ಟೋ ಗೋಡೆ ಕೆಡವಿಸಿದ್ದರು. ಒಬ್ಬಳ ಕಾಲಿನೊಳಗೆ ಇಂಥದೊಂದು ಮುಚ್ಚಿದ ಕೋಣೆ ಇರಬಹುದು, ಅದರ ಬೀಗ ಇಷ್ಟು ಸಣ್ಣ ಸುಳ್ಳಿಗೆ ತೆರೆದುಕೊಳ್ಳಬಹುದು ಎಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ. ತಮ್ಮೊಳಗೂ ಅಂಥ ಕೋಣೆಯೊಂದು ಇದ್ದೀತೇ ಎಂದು ಒಂದು ಕ್ಷಣ ಆಸೆಯಾಯಿತು. ಮೊಣಕಾಲು ಚುಳ್ಳೆಂದು ಆಸೆಗೆ ಉತ್ತರ ಕೊಟ್ಟಿತು.

"ಇಳಿಯಮ್ಮ. ಸಾಕು," ಎಂದರು. ದನಿ ಯಾಕೋ ಮೆತ್ತಗಾಗಿತ್ತು.

ಮಿಡತೆ ಇಳಿದು ಗೋಡೆಗೆ ಒರಗಿ ನಿಂತಳು. ಮಾವ ಅವಳ ಹೆಗಲಿಗೆ ಟವೆಲ್ ಹೊದಿಸಿದರು.

"ಈಗ ನೆಟ್ಟಗೆ ಉತ್ತರ ಕೊಡಿ," ಇನ್ಸ್‌ಪೆಕ್ಟರಮ್ಮ ಪೊಲೀಸರ ದನಿಗೆ ಮರಳಿದರು. "ಮೇಷ್ಟ್ರು ಬಿದ್ದ ದಿನವೇ ಈ ಸೈಕಲ್ಲಿಗೆ ಸೀಲ್ ಹಾಕಿಸಿದ್ದು ನಾನು. ಬಿಚ್ಚಿದ್ದು ಇವತ್ತು. ಅಂದ್ರೆ ಮೇಷ್ಟ್ರು ತುಳಿದದ್ದೂ ಸುಳ್ಳು ಮುಳ್ಳನ್ನೇ. ಎದೆ ಗಟ್ಟಿಯಿಲ್ಲದ ಆ ಮನುಷ್ಯರಿಗೂ ಹೀಗೆ ಮಾಡಿದ್ರಾ?"

"ಅಯ್ಯೋ ಇಲ್ಲ ಮೇಡಂ!" ಮಾವ ಎದ್ದೇ ನಿಂತರು. "ಸಂಜೆ ಪುಟ್ಟಿ ಬರೋಕೆ ಮುಂಚೆ ತಿರುಗಿಸ್ತೀನಿ, ಅವಳು ಹೋದ ಮೇಲೆ ಸರಿ ಮಾಡೇ ಬೀಗ ಹಾಕ್ತೀನಿ. ಬೆಳಿಗ್ಗೆ ಮೇಷ್ಟ್ರು ಬರ್ತಾರೆ ಅಂತ ನಂಗೆ ಗೊತ್ತಿಲ್ವಾ? ಅವತ್ತು ಹಿಂದಿನ ಸಂಜೆನೂ ಸರಿ ಮಾಡಿದ್ದೆ. ತೀರಿಹೋದ ನಮ್ಮಕ್ಕನ ಆಣೆ. ಇವಳ ತಾಯಿ ಆಣೆ. ಕೈಯಾರೆ ಸರಿ ಮಾಡಿದ್ದೆ."

"ಮತ್ತೆ ರಾತ್ರೋರಾತ್ರಿ ಸ್ಕ್ರೂಗೆ ಕಾಲು ಬಂತಾ? ಹಾಲ್ ಬೀಗದ ಕೈ ಯಾರ ಹತ್ರ ಇರತ್ತೆ?"

"ಮನೇಲಿ ಮೊಳೆಗೆ ನೇತಾಡ್ತಿರತ್ತೆ. ಯಾರು ಮುಟ್ತಾರೆ? ಇರೋದೇ ಇಬ್ಬರು."

ಆಣೆ ಹಾಕುವವರನ್ನು ಇನ್ಸ್‌ಪೆಕ್ಟರಮ್ಮ ದಂಡಿಯಾಗಿ ಕಂಡಿದ್ದರು. ಇದು ಬೇರೆ. ಅಕ್ಕನ ಹೆಸರು ಹೇಳುವಾಗ ಮಾವನ ದನಿ ನಡುಗಿತ್ತು. ಈ ಮನುಷ್ಯ ನಿಜ ಹೇಳುತ್ತಿದ್ದಾರೆ ಎಂದು ಅವರಿಗೆ ಅನ್ನಿಸಿತು.

ಹೊರಗೆ ಕಾರಿನ ಹಾರ್ನ್ ಕೇಳಿಸಿತು. ಸಮಿತಿಗೆ ಹೋಗಲು ಬಂದ ಬಾಡಿಗೆ ಕಾರು.

"ಮೇಷ್ಟ್ರ ವಿಷಯ ವಾಪಸ್ ಬಂದ ಮೇಲೆ ನೋಡ್ಕೋತೀನಿ. ಮೊದಲು ಈ ಹುಡುಗಿ," ಎಂದರು ಇನ್ಸ್‌ಪೆಕ್ಟರಮ್ಮ. "ನಾನೇ ಬಂದು ಸಮಿತಿ ಮುಂದೆ ಹೇಳ್ತೀನಿ. ಮದ್ದಲ್ಲ ಕಣ್ರಪ್ಪಾ, ಮುಳ್ಳು ಅಂತ. ಇವಳಿಗೆ ಏನೂ ಗೊತ್ತಿರ್ಲಿಲ್ಲ, ಮಾವ ಯಾಮಾರಿಸಿದ್ರು, ಕಾಲು ನಂಬ್ತು ಅಂತ. ಆದ್ರೆ ನೆನಪಿರ್ಲಿ, ಕೇಸ್ ನಿಂತಿರೋದು ಅದೊಂದೇ ಕಾಲ ಮೇಲೆ. ಇವಳಿಗೆ ಗೊತ್ತಿರ್ಲಿಲ್ಲ ಅನ್ನೋದರ ಮೇಲೆ. ಗೊತ್ತಿತ್ತು ಅಂತ ಚೂರು ವಾಸನೆ ಬಂದ್ರೂ, ಮಾವ ಸೊಸೆ ಸೇರಿ ಕಥೆ ಕಟ್ಟಿದ್ದಾರೆ ಅಂತಾರೆ. ಮುಗೀತು ಅಲ್ಲಿಗೆ."

ಮಿಡತೆ ತಲೆಯಾಡಿಸಿದಳು. ತುಟಿ ಒಣಗಿತ್ತು.

"ಒಂದು ಫೋಟೋ ತಗೋತೀನಿ, ಅವರಿಗೆ ತೋರಿಸೋಕೆ. ಹತ್ತಿ ಕೂತ್ಕೋ ಮಗಳೇ, ಮುಳ್ಳೂ ಕಾಣಬೇಕು ನೀನೂ ಕಾಣಬೇಕು." ಇನ್ಸ್‌ಪೆಕ್ಟರಮ್ಮ ಮೊಬೈಲ್ ಎತ್ತಿ ಹಿಡಿದರು.

ಮಿಡತೆ ಟವೆಲ್ ಬದಿಗಿಟ್ಟು ಸೈಕಲ್ಲಿನ ಹತ್ತಿರ ಬಂದಳು. ಸೀಟನ್ನು ಎರಡು ಸಲ ತಟ್ಟಿದಳು. ಬಗ್ಗಿ ಲೇಸ್ ಬಿಗಿದಳು. ಎದ್ದವಳ ಹೆಬ್ಬೆರಳು ಡಯಲ್ಲಿನ ಹಿಂದಕ್ಕೆ ಹೋಯಿತು.

ಹೋದದ್ದು ಅಲ್ಲಿಯೇ ನಿಂತಿತು.

ಮೊಬೈಲಿನ ಪರದೆಯಲ್ಲಿ ಇನ್ಸ್‌ಪೆಕ್ಟರಮ್ಮ ಅದನ್ನು ನೋಡಿದರು. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು ಇನ್ನೊಮ್ಮೆ ನೋಡಿದರು. ಕಡಲೇಬೇಳೆಯಷ್ಟು ಸ್ಕ್ರೂ. ಯಾರೂ ಹೇಳದೆ, ಹುಡುಕದೆ, ಬೆರಳು ನೇರ ಅದರ ಮೇಲೇ ಕೂತಿತ್ತು. ಬಾಯಿ ಮುಚ್ಚಿಟ್ಟದ್ದನ್ನು ಬೆರಳಿಗೆ ಮುಚ್ಚಿಡಲು ಬಂದಿರಲಿಲ್ಲ. ಆಗ ಮೊದಲ ಸಲ ಹತ್ತುವಾಗಲೂ ಅದು ಅಲ್ಲಿಗೇ ಹೋಗಿತ್ತು. ಭೂತಗನ್ನಡಿ ಎನ್ನಿಸಿಕೊಂಡವರ ಕಣ್ಣೆದುರೇ ಹೋಗಿತ್ತು.

ಮಾವನೂ ನೋಡಿದರು. ಅವರ ಕೈಯಿಂದ ಸ್ಕ್ರೂಡ್ರೈವರ್ ಜಾರಿ ನೆಲಕ್ಕೆ ಬಿತ್ತು. ಬಗ್ಗಿ ಅದನ್ನು ಎತ್ತಿಕೊಳ್ಳಲು ಅವರು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು. ಎದ್ದಾಗ ಮುಖವೇ ಬೇರೆಯಾಗಿತ್ತು.

"ಈಗ ನೆನಪಾಯ್ತು ಮೇಡಂ," ಎಂದರು. "ಆ ಸಂಜೆ ಸರಿ ಮಾಡೋದು ಮರೆತಿದ್ದೆ. ಹೌದು, ಮರೆತೇಬಿಟ್ಟಿದ್ದೆ. ಮೇಷ್ಟ್ರಿಗೆ ಆದದ್ದೆಲ್ಲ ನನ್ನಿಂದ. ಬರ್ಕೊಳ್ಳಿ. ಪುಟ್ಟಿ, ನೀನು ಹೋಗಿ ಕಾರ್ ಹತ್ತು."

"ಈಗಷ್ಟೇ ಅಕ್ಕನ ಆಣೆ ಹಾಕಿದ್ರಿ."

"ಮರೆವು ಮೇಡಂ. ವಯಸ್ಸಾಯ್ತು. ಅಕ್ಕ ಕ್ಷಮಿಸ್ತಾಳೆ."

ಇನ್ಸ್‌ಪೆಕ್ಟರಮ್ಮನ ಕೈಯ ಮೊಬೈಲ್ ಕೆಳಗಿಳಿಯಿತು. ಅಕ್ಕನ ಮಗಳನ್ನು ಉಳಿಸಲು ಅಕ್ಕನ ಆಣೆಯನ್ನೇ ಮುರಿಯುತ್ತಿದ್ದಾರೆ ಈ ಮನುಷ್ಯ. ಸುಮ್ಮನೆ ಇದ್ದುಬಿಟ್ಟರೆ ಹುಡುಗಿ ತಂಡದಲ್ಲಿ ಉಳಿಯುತ್ತಾಳೆ. ಮಾವ ಒಳಗೆ ಹೋಗುತ್ತಾರೆ. ಕಾರು ಮತ್ತೆ ಹಾರ್ನ್ ಹಾಕಿತು.

"ಆಣೆ ವಾಪಸ್ ತಗೋಬೇಡ ಮಾವ," ಎಂದಳು ಮಿಡತೆ.

ಇಷ್ಟು ಹೊತ್ತಿನಲ್ಲಿ ಅವಳು ಆಡಿದ ಮೊದಲ ಮಾತು ಅದು.

"ನೀನು ಸುಮ್ನಿರು ಪುಟ್ಟಿ!"

"ನೀನು ಸರಿ ಮಾಡೇ ಬೀಗ ಹಾಕಿದ್ದೆ. ನಂಗೊತ್ತು." ಅವಳು ಇನ್ಸ್‌ಪೆಕ್ಟರಮ್ಮನ ಕಡೆ ತಿರುಗಿದಳು. "ಮೊದಲನೇ ವಾರದಿಂದಲೇ ನಂಗೆ ಗೊತ್ತಿತ್ತು ಮೇಡಂ. ಇವನು ದಿನಾ ನನಗಿಂತ ಮುಂಚೆ ಬಂದು ಡಯಲ್ ಹಿಂದೆ ಕೈ ಹಾಕಿದ್ರೆ ನಂಗೆ ಅನುಮಾನ ಬರಲ್ವಾ? ಹತ್ತೋಕೆ ಮುಂಚೆ ಇವತ್ತೆಷ್ಟು ತಿರುಗಿಸಿದಾನೆ ಅಂತ ಮುಟ್ಟಿ ನೋಡ್ಕೋತಿದ್ದೆ. ಆಮೇಲೆ ಹತ್ತಿದ್ರೆ, ಅದ್ಹೇಗೋ ಗೊತ್ತಿಲ್ಲ, ಅಷ್ಟೂ ತುಳಿದುಬಿಡ್ತಿದ್ದೆ. ಸುಳ್ಳು ಅಂತ ತಲೆಗೆ ಗೊತ್ತಿತ್ತು. ಕಾಲು ಕೇಳ್ತಿರ್ಲಿಲ್ಲ."

ಮಾವ ಮತ್ತೆ ಬೆಂಚಿನ ಮೇಲೆ ಕೂತುಬಿಟ್ಟರು. ಅಷ್ಟು ತಿಂಗಳು ತಾವು ಕಾಪಾಡಿದ ಗುಟ್ಟನ್ನು ಹುಡುಗಿಯೂ ತಮ್ಮಿಂದ ಕಾಪಾಡಿದ್ದಳು. ಇನ್ಸ್‌ಪೆಕ್ಟರಮ್ಮನಿಗೆ ತೋಳಿನ ಮೇಲಿನ ಕೂದಲು ನೆಟ್ಟಗಾಯಿತು. ಸುಳ್ಳು ಎಂದು ಗೊತ್ತಿದ್ದೂ ನಂಬುವ ಕಾಲು! ಇದನ್ನು ಯಾವ ಸಮಿತಿ ಒಪ್ಪೀತು?

"ಅವತ್ತು ಬೆಳಿಗ್ಗೆ ಮಾವ ಏಳೋಕೆ ಮುಂಚೆ ಮೊಳೆಯಿಂದ ಬೀಗದ ಕೈ ತಗೊಂಡು ಬಂದಿದ್ದು ನಾನು," ಎಂದಳು ಮಿಡತೆ. "ಸ್ಕ್ರೂ ತಿರುಗಿಸಿದ್ದೂ ನಾನೇ."

"ನೀನು ತುಳಿಯೋಕಾ? ತುಳಿದು, ಸರಿ ಮಾಡೋದು ಮರೆತೆಯಾ?"

"ಇಲ್ಲ. ನಾನು ಹತ್ತಲೇ ಇಲ್ಲ." ಅವಳ ಕಣ್ಣು ಬೆಂಚಿನ ಮೇಲಿನ ಅಂಗಿಯಲ್ಲಿ ನೆಟ್ಟಿತ್ತು. "ಲೆಕ್ಕದ ಮೇಷ್ಟ್ರಲ್ವಾ ಮೇಡಂ. ಸಂಜೆ ಆಗಾಗ ನಾನು ತುಳಿಯೋದನ್ನ ನೋಡೋಕೆ ಬರೋರು. ನನ್ನ ಬೆವರಿಗೂ ಮುಳ್ಳಿಗೂ ತಾಳೆ ಆಗಲ್ಲ ಅಂತ ಎಂದೋ ಕಂಡುಹಿಡಿದಿದ್ರು. ಹಿಂದಿನ ದಿನ ಸಂಜೆ ಗೇಟ್ ಹತ್ರ ಕಾಯ್ತಾ ನಿಂತಿದ್ರು. 'ನನಗೂ ಒಂದೇ ಒಂದು ಸಲ ಆ ಸುಳ್ಳು ಹೇಳಿಸು ಮಗಳೇ, ನನ್ನೊಳಗೆ ಏನು ಉಳಿದಿದೆ ನೋಡ್ಕೋಬೇಕು' ಅಂತ ಕೈ ಹಿಡ್ಕೊಂಡು ಕೇಳಿದ್ರು."

ಇನ್ಸ್‌ಪೆಕ್ಟರಮ್ಮನ ಕಣ್ಣ ಮುಂದೆ ಬಿಳಿ ಪಾಲಿಶ್ ಹಚ್ಚಿದ ಒಂದು ಜೊತೆ ಶೂ ಬಂದು ನಿಂತಿತು. ಹುಡುಗಿಯ ಮಾತು ನಿಜವೆಂದು ಹೇಳಬಲ್ಲವರು ಒಬ್ಬರೇ ಇದ್ದರು, ಅವರು ಇನ್ನೂ ಕಣ್ಣು ತೆರೆದಿರಲಿಲ್ಲ.